ನೀರು ಬಿಟ್ಟ ಏಡಿಯ ಸಾಲದ ಉಸಿರು

ಸಾಕಿದ ಏಡಿಗಳನ್ನು ತುಂಬಿಟ್ಟ ಪೆಟ್ಟಿಗೆಯ ಮೇಲಿನ ಒದ್ದೆ ಗೋಣಿಯನ್ನು ಸರಿಸಿ ಒಂದೈದು ನಿಮಿಷ ಸುಮ್ಮನೆ ನೋಡಬೇಕು. ಮೊದಲು ಕಿವಿಗೆ ಬೀಳುವುದು ಸಣ್ಣ ಸದ್ದು, ಸೋಪಿನ ನೊರೆ ಆರುವಾಗ ಬರುವಂಥದ್ದು. ಬಗ್ಗಿ ನೋಡಿದರೆ ಏಡಿಯ ಬಾಯಿಯ ಎರಡೂ ಬದಿಯಿಂದ ನೊರೆ ಉಕ್ಕುತ್ತಿರುತ್ತದೆ. ಕಾಲು, ಇಕ್ಕಳ ಎಲ್ಲವನ್ನೂ ಹಗ್ಗದಲ್ಲಿ ಬಿಗಿದಿದ್ದರೂ ಬಾಯಿಯ ಮುಂದಿನ ಕದದಂಥ ಭಾಗಗಳು ಆಗಾಗ ಅದುರುತ್ತವೆ. ಹುಲ್ಲಿನ ಎಸಳಿನಿಂದ ಕಣ್ಣಿನ ಕಡ್ಡಿಯನ್ನು ಮುಟ್ಟಿದರೆ ಅದು ತಟ್ಟನೆ ಗೂಡಿನೊಳಗೆ ಮಡಚಿಕೊಳ್ಳುತ್ತದೆ. ‘ಜೀವ ಇದೆ’ ಎಂದು ಗೋಣಿ ಮತ್ತೆ ಹೊದಿಸಿದರೆ ವ್ಯಾಪಾರದ ಮಟ್ಟಿಗೆ ತಪಾಸಣೆ ಮುಗಿಯಿತು.

ಜೀವ ಇರುವುದು ನಿಜ. ಆದರೆ ಆ ಜೀವ ದುಡಿಮೆಯ ಮೇಲೆ ನಡೆಯುತ್ತಿದೆಯೋ ಸಾಲದ ಮೇಲೆ ನಡೆಯುತ್ತಿದೆಯೋ ಎಂದು ಯಾರೂ ಕೇಳುವುದಿಲ್ಲ. ನೀರು ಬಿಟ್ಟ ಏಡಿಯ ದೇಹದೊಳಗೆ ಆಗುವುದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅದು ಬಹುಪಾಲು ಸಾಲದ ವ್ಯವಹಾರವೇ. ಸಮುದ್ರದ ಇಳಿತಕ್ಕೂ ಭರತಕ್ಕೂ ನಡುವೆ ಸುಮಾರು ಆರು ಗಂಟೆ. ದಡದಂಚಿನ ಏಡಿಗಳು ಲಕ್ಷಾಂತರ ವರ್ಷಗಳಲ್ಲಿ ಕಲಿತ ಉಪಾಯಗಳೆಲ್ಲ ಹೆಚ್ಚೂಕಡಿಮೆ ಆ ಆರು ಗಂಟೆಯ ಅಳತೆಗೆ ಹೊಲಿದ ಅಂಗಿ. ಸಾಗಾಟದವರು ಅದೇ ಅಂಗಿಯನ್ನು ಮೂರು ದಿನಕ್ಕೆ, ಐದು ದಿನಕ್ಕೆ ಎಳೆದು ತೊಡಿಸುತ್ತಾರೆ. ಹೊಲಿಗೆ ಬಿಡುವುದು ಅಲ್ಲಿ.

ಏಡಿಯನ್ನು ಹೀಗೆ ಜೀವಸಹಿತ ಸಾಗಿಸಲೇಬೇಕೆಂಬ ಹಟಕ್ಕೆ ಕಾರಣ ರುಚಿಯೊಂದೇ ಅಲ್ಲ. ಏಡಿಯ ಚಿಪ್ಪಿನಡಿ ಯಕೃತ್ತಿನ ಕೆಲಸವನ್ನೂ ಜೀರ್ಣರಸ ಸುರಿಸುವ ಕೆಲಸವನ್ನೂ ಒಟ್ಟಿಗೆ ಮಾಡುವ ಹೆಪಟೋಪ್ಯಾಂಕ್ರಿಯಾಸ್ ಎಂಬ ದೊಡ್ಡ ಗ್ರಂಥಿ ಇದೆ. ಏಡಿ ಸತ್ತ ಕೂಡಲೇ ಅದರೊಳಗಿನ ಕಿಣ್ವಗಳು ಒಡೆಯನಿಲ್ಲದ ಮನೆಯಂತೆ ಸುತ್ತಲಿನ ಮಾಂಸವನ್ನೇ ಕರಗಿಸತೊಡಗುತ್ತವೆ, ಬ್ಯಾಕ್ಟೀರಿಯಾ ಕೈಜೋಡಿಸುತ್ತದೆ. ಸತ್ತ ಏಡಿ ಗಂಟೆಗಳಲ್ಲಿ ಕೆಡುತ್ತದೆ, ಹಾಗಾಗಿ ಜೀವವೇ ಅದರ ತಾಜಾತನದ ಮುದ್ರೆ. ಚೀನಾ ಒಂದರಲ್ಲೇ ಮಿಟ್ಟನ್ ಏಡಿಯ ಸಾಕಣೆ ವರ್ಷಕ್ಕೆ ಏಳು ಲಕ್ಷ ಟನ್ನಿಗೂ ಮಿಕ್ಕಿ ಬೆಳೆದಿದೆ. ಇಕ್ಕಳದ ಮೇಲೆ ತುಪ್ಪಟದ ಕೈಗವಸು ತೊಟ್ಟಂತೆ ಕಾಣುವ ಈ ಏಡಿ ಸಿಹಿನೀರಿನಲ್ಲಿ ಬೆಳೆದು, ಮರಿ ಮಾಡಲು ಉಪ್ಪುನೀರಿನ ಕಡೆಗೆ ನಡೆಯುತ್ತದೆ. ಕಾಂಡ್ಲಾ ಕಾಡುಗಳ ಕೆಸರು ಏಡಿಯನ್ನು ಏಷ್ಯಾದ ಉದ್ದಗಲಕ್ಕೂ ಕೊಳಗಳಲ್ಲಿ, ಪಂಜರಗಳಲ್ಲಿ, ಈಚೆಗೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಡಬ್ಬಿಗಳಲ್ಲೂ ಸಾಕುತ್ತಾರೆ. ಎರಡೂ ನೀರಿನಾಚೆಗೆ ಗಟ್ಟಿ ಜೀವಗಳು. ತಂಪಿನಲ್ಲಿ, ಒದ್ದೆಯಲ್ಲಿ ಇಟ್ಟ ಕೆಸರು ಏಡಿ ವಾರದವರೆಗೂ ತಾಳಿಕೊಳ್ಳಬಲ್ಲದು. ಆದರೆ ಹಾಗೆ ತಾಳುವುದಕ್ಕೆ ಅದು ಏನನ್ನು ತೆರುತ್ತದೆ?

ಕಡಲೆ ಇದೆ, ಹಲ್ಲಿಲ್ಲ

ಗಾಳಿಯಲ್ಲಿ ಆಮ್ಲಜನಕಕ್ಕೆ ಬರವಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇದ್ದರೆ, 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿ ನಿಲ್ಲುವುದು ಆರು ಮಿಲಿಲೀಟರಿನಷ್ಟು, ಉಪ್ಪುನೀರಿನಲ್ಲಿ ಅದಕ್ಕೂ ಕಡಿಮೆ. ಹಾಗಾದರೆ ಮೂವತ್ತು ಪಟ್ಟಿಗೂ ಹೆಚ್ಚು ಆಮ್ಲಜನಕದ ನಡುವೆ ಕೂತ ಏಡಿ ಉಸಿರಿಗೆ ಒದ್ದಾಡುವುದೇಕೆ?

ಅದರ ಕಿವಿರು ನೋಡಿದರೆ ಗೊತ್ತಾಗುತ್ತದೆ. ಏಡಿಯ ಬೆನ್ನಿನ ಚಿಪ್ಪಿನ ಎಡಬಲ ಅಂಚಿನಡಿ ಒಂದೊಂದು ಕೋಣೆ. ಅದರೊಳಗೆ ಪುಸ್ತಕದ ಹಾಳೆಗಳಂತೆ ತೆಳ್ಳಗಿನ ಪದರಗಳನ್ನು ಪೋಣಿಸಿದ ಕಿವಿರುಗಳು. ಬಾಯಿಯ ಪಕ್ಕದಲ್ಲಿ ಸ್ಕ್ಯಾಫೋಗ್ನಥೈಟ್ ಎಂಬ, ದೋಣಿಯ ಹುಟ್ಟಿನಂಥ ಪುಟ್ಟ ಅಂಗ ಎಡೆಬಿಡದೆ ಬೀಸುತ್ತ ನೀರನ್ನು ಮುಂದಕ್ಕೆ ಮೊಗೆದು ಹಾಕುತ್ತದೆ, ಆ ಜಾಗ ತುಂಬಲು ಕಾಲುಗಳ ಬುಡದಿಂದ ಹೊಸ ನೀರು ನುಗ್ಗುತ್ತದೆ. ನೀರಿನಲ್ಲಿರುವಾಗ ಪದರಗಳು ಬಿಡಿಬಿಡಿಯಾಗಿ ತೇಲುತ್ತ ನಿಲ್ಲುವುದರಿಂದ ಒಂದೊಂದರ ಎರಡೂ ಮುಖಕ್ಕೆ ನೀರು ತಾಗುತ್ತದೆ. ನೀರು ಹೋಯಿತೆಂದರೆ ಉಳಿದ ತೇವವೇ ಅಂಟಾಗಿ ಅವು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಮಳೆಯಲ್ಲಿ ನೆನೆದ ಪುಸ್ತಕವನ್ನು ಬಿಡಿಸಲು ಹೋದವರಿಗೆ ಇದು ಅರ್ಥವಾಗುತ್ತದೆ: ಹಾಳೆ ನೂರಿದ್ದರೂ ಓದಲು ಸಿಗುವುದು ಮೇಲಿನದೊಂದೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಏಡಿಯನ್ನು ನೋಡಿಯೇ ಹುಟ್ಟಿತೋ ಏನೋ.

ಎಲ್ಲ ಏಡಿಗಳಿಗೂ ಈ ಕಷ್ಟ ಒಂದೇ ಮಟ್ಟದಲ್ಲಿಲ್ಲ. ಆಳದ ನೀರಿನಲ್ಲಿ ಈಜಾಡಿಕೊಂಡಿರುವ ಏಡಿಗಳ ಕಿವಿರು ಮೆದು, ಒತ್ತೊತ್ತು. ಗಾಳಿಗೆ ಬಂದರೆ ಬೇಗ ಕುಸಿಯುತ್ತದೆ. ದಡದಂಚಿನವುಗಳಲ್ಲಿ ಪದರಗಳು ಸ್ವಲ್ಪ ಗಡುಸು, ನಡುವೆ ಹೆಚ್ಚು ಸಂದು. ನೆಲಕ್ಕೇ ಹತ್ತಿ ಬಂದ ಬಳಗದಲ್ಲಿ ಕಿವಿರು ಕಿರಿದಾಗಿ, ಕೋಣೆಯ ಒಳಗೋಡೆಯೇ ರಕ್ತನಾಳಗಳಿಂದ ತುಂಬಿ ಶ್ವಾಸಕೋಶದಂತಾಗಿದೆ. ಆ ದಾರಿಯಲ್ಲಿ ತೆಂಗಿನ ಏಡಿ ಎಷ್ಟು ದೂರ ಬಂದಿದೆಯೆಂದರೆ, ಬೆಳೆದದ್ದನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಉಸಿರುಗಟ್ಟಿ ಸಾಯುತ್ತದೆ. ಕೆಸರು ಏಡಿ, ಮಿಟ್ಟನ್ ಏಡಿ ಎರಡೂ ನಡುದಾರಿಯವು. ಮಿಟ್ಟನ್ ಏಡಿ ಹೊಳೆಗೆ ಅಡ್ಡ ಕಟ್ಟಿದ ಒಡ್ಡನ್ನು ನೆಲದ ಮೇಲೆ ನಡೆದೇ ದಾಟುತ್ತದೆ. 1912ರಲ್ಲಿ ಜರ್ಮನಿಯ ಹೊಳೆಯೊಂದರಲ್ಲಿ ಮೊದಲ ಸಲ ಸಿಕ್ಕ ಈ ಏಡಿ ಆಮೇಲೆ ಯುರೋಪಿನ ನದಿಗಳಲ್ಲೆಲ್ಲ ಹಬ್ಬಿ ಪಿಡುಗಾಯಿತು. ಅಮೆರಿಕ 1989ರಲ್ಲೇ ಅದನ್ನು ಜೀವಂತ ತರಿಸಿಕೊಳ್ಳುವುದಕ್ಕೆ ತಡೆ ಹಾಕಿತು. ಪೆಟ್ಟಿಗೆಯಲ್ಲಿ ದಿನಗಟ್ಟಲೆ ಬದುಕಿ ವ್ಯಾಪಾರಿಗೆ ಒದಗುವ ಗುಣವೇ ಪರನಾಡಿನ ಹೊಳೆಗೆ ಶಾಪವಾದದ್ದು ತಮಾಷೆಯ ಸಂಗತಿಯೇನಲ್ಲ, ಆದರೂ ಒಂದು ಕ್ಷಣ ನಗು ಬರುತ್ತದೆ.

ಇನ್ನು ನೊರೆ. ಬಾಯಿಯ ನೊರೆ ಸಾಯುವ ಲಕ್ಷಣವೆಂದು ಹಲವರು ಹೇಳುತ್ತಾರೆ. ನನ್ನ ಪ್ರಕಾರ ನೊರೆ ಇರುವವರೆಗೆ ಅಷ್ಟು ಗಾಬರಿ ಬೇಡ. ಕಿವಿರಿನ ಕೋಣೆಯಲ್ಲಿ ಹಿಡಿದಿಟ್ಟ ಗುಟುಕು ನೀರನ್ನು ಏಡಿ ಬಾಯಿಯ ಬಳಿ ಹೊರಕ್ಕೆ ತಳ್ಳುತ್ತದೆ. ಅದು ಮೈಮೇಲೆ ಹರಿದು, ಗಾಳಿಯೊಂದಿಗೆ ಬೆರೆತು, ಆಮ್ಲಜನಕ ತುಂಬಿಕೊಂಡು ಕಾಲುಗಳ ಬುಡದಿಂದ ಮತ್ತೆ ಒಳಗೆ ಸೇರುತ್ತದೆ. ಅದೇ ನೀರು ಹತ್ತಾರು ಸಲ ಸುತ್ತುವಾಗ ಮೈಯ ಲೋಳೆ ಬೆರೆತು ನೊರೆಯಾಗುತ್ತದೆ. ಭಯಪಡಬೇಕಾದದ್ದು ನೊರೆ ನಿಂತು ಬಾಯಿ ಒಣಗಿದಾಗ. ಏಡಿಯನ್ನು ಬೆನ್ನಡಿಯಾಗಿ ಮಲಗಿಸಿದರೆ ಈ ಕೋಣೆಯ ನೀರು ಸೋರಿಹೋಗುತ್ತದೆ. ಹೊಟ್ಟೆ ಕೆಳಗಿರುವಂತೆ ಜೋಡಿಸುವ ಹಳಬರ ಅಭ್ಯಾಸಕ್ಕೆ ಅರ್ಥವಿದೆ.

ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಕಷ್ಟ

ಉಸಿರಾಟವೆಂದ ಕೂಡಲೇ ನಮ್ಮ ಗಮನವೆಲ್ಲ ಆಮ್ಲಜನಕದ ಮೇಲೆ. ಏಡಿಯ ವಿಷಯದಲ್ಲಿ ನಿಜವಾದ ಇಕ್ಕಟ್ಟು ಆಚೆ ಕಡೆಗಿದೆ, ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದರಲ್ಲಿ. ಈ ಅನಿಲ ನೀರಿನಲ್ಲಿ ಆಮ್ಲಜನಕಕ್ಕಿಂತ ಇಪ್ಪತ್ತೈದು, ಮೂವತ್ತು ಪಟ್ಟು ಸುಲಭವಾಗಿ ಕರಗುತ್ತದೆ. ಬಡ ನೀರಿನಿಂದ ಸಾಕಷ್ಟು ಆಮ್ಲಜನಕ ಹಿಂಡಿಕೊಳ್ಳಲು ಏಡಿ ಹೇಗೂ ರಾಶಿ ನೀರನ್ನು ಕಿವಿರಿನ ಮೇಲೆ ಹರಿಸಲೇಬೇಕು, ಆ ಹರಿವಿನಲ್ಲೇ ಇಂಗಾಲದ ಡೈಆಕ್ಸೈಡ್ ತಾನಾಗಿ ತೊಳೆದುಹೋಗುತ್ತದೆ. ಹೀಗಾಗಿ ನೀರಿನಲ್ಲಿರುವ ಏಡಿಯ ರಕ್ತದಲ್ಲಿ ಅದರ ಒತ್ತಡ ತೀರಾ ಕಡಿಮೆ. ಅದನ್ನು ಹೊರದಬ್ಬಲೆಂದೇ ಬೇರೆ ಏರ್ಪಾಡು ಮಾಡಿಕೊಳ್ಳುವ ಪ್ರಮೇಯ ಆ ಜೀವಕ್ಕೆ ಬಂದಿರಲಿಲ್ಲ.

ಗಾಳಿಗೆ ಬಂದ ಕೂಡಲೇ ಆ ತೊಳೆಯುವ ಹೊಳೆ ನಿಲ್ಲುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ರಕ್ತ ಹುಳಿಯಾಗತೊಡಗುತ್ತದೆ. ಕಿಣ್ವಗಳು, ನರಗಳು, ಹೃದಯದ ಬಡಿತ ಎಲ್ಲಕ್ಕೂ ಆಮ್ಲೀಯತೆಯ ಒಂದು ಮಿತಿಯಿದೆ, ಅದರಾಚೆ ಅವು ಸರಿಯಾಗಿ ನಡೆಯುವುದಿಲ್ಲ. ನೀರಿನಲ್ಲಿದ್ದರೆ ಕಿವಿರಿನ ಮೂಲಕ ಲವಣಗಳನ್ನು ಅದಲುಬದಲು ಮಾಡಿ ಹುಳಿಯನ್ನು ಸರಿದೂಗಿಸಬಹುದಿತ್ತು. ಈಗ ಅದಲುಬದಲು ಮಾಡಲು ಎದುರಿಗೆ ನೀರೇ ಇಲ್ಲ.

ಆಗ ಏಡಿ ಕೈಹಾಕುವುದು ತನ್ನ ಗೋಡೆಗೇ. ಏಡಿಯ ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಸಾಮಗ್ರಿ. ಹುಳಿಗೆ ಸುಣ್ಣ ಹಾಕಿ ತಣಿಸುವ ಉಪಾಯ ಹೊಲ ಮಾಡುವವರಿಗೂ ಗೊತ್ತು. ಗಾಳಿಗೆ ಬಿದ್ದ ಏಡಿಯ ರಕ್ತದಲ್ಲಿ ಹುಳಿ ತಣಿಸುವ ಬೈಕಾರ್ಬೊನೇಟ್ ಹೆಚ್ಚುತ್ತದೆ, ಜೊತೆಗೇ ಕ್ಯಾಲ್ಸಿಯಂ ಕೂಡ ಏರುತ್ತದೆ. ಕ್ಯಾಲ್ಸಿಯಂ ಏರಿದ್ದು ಚಿಪ್ಪು ಕರಗಿದ್ದಕ್ಕೆ ಸಾಕ್ಷಿ. ಹೊರಗಿನಿಂದ ನೋಡಿದರೆ ಗೊತ್ತೇ ಆಗದಷ್ಟು ಸಣ್ಣ ಪ್ರಮಾಣ ಅದು, ಆದರೂ ಮನೆಯ ಗೋಡೆ ಕೆರೆದು ಒಲೆಗೆ ಹಾಕಿದ ಹಾಗೆ.

ಈ ಒಂದು ಸಂಗತಿ ಗೊತ್ತಿದ್ದರೆ ಸಾಗಾಟದ ಒಂದು ಹಳೆಯ ಒಗಟು ತಾನಾಗಿ ಬಿಡುತ್ತದೆ. ಒಂದೇ ಕೊಳದ, ಒಂದೇ ತೂಕದ ಎರಡು ಏಡಿಗಳಲ್ಲಿ ಒಂದು ನಾಲ್ಕು ದಿನ ತಾಳಿದರೆ ಇನ್ನೊಂದು ಮೊದಲ ರಾತ್ರಿಯೇ ಸಾಯುವುದುಂಟು. ಎಷ್ಟೋ ಸಲ ಆ ಎರಡನೆಯದು ಈಚೆಗೆ ಚಿಪ್ಪು ಕಳಚಿದ ಏಡಿಯಾಗಿರುತ್ತದೆ. ಹೊಸ ಚಿಪ್ಪಿನಲ್ಲಿ ಸುಣ್ಣ ಇನ್ನೂ ಸೇರಿಲ್ಲ, ಹುಳಿ ತಣಿಸಲು ಕೆರೆಯುವುದಕ್ಕೆ ಗೋಡೆಯೇ ಇಲ್ಲ. ಮೈಯೊಳಗೆ ಮಾಂಸಕ್ಕಿಂತ ನೀರೇ ಹೆಚ್ಚು, ಕೂಡಿಟ್ಟ ಶಕ್ತಿ ಖಾಲಿ. ಮೆದು ಚಿಪ್ಪಿನ ಮೈ ನೀರಿನ ಆಸರೆ ತಪ್ಪಿದ ಮೇಲೆ ತನ್ನ ಭಾರಕ್ಕೇ ಜೋತುಬೀಳುತ್ತದೆ, ಕಿವಿರಿನ ಕೋಣೆಯೂ ಅದರೊಂದಿಗೆ ಅಮುಕಿಕೊಳ್ಳುತ್ತದೆ. ಕಾಲಿನ ಗೆಣ್ಣನ್ನೋ ಹೊಟ್ಟೆಯ ಕಡೆಯ ಚಿಪ್ಪನ್ನೋ ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗಿದರೆ ಬದಿಗಿಡುವ ಅನುಭವಸ್ಥರ ಕೈಗೆ ಇದೆಲ್ಲ ಪಾಠ ಓದದೆಯೂ ಗೊತ್ತು.

ನೀಲಿ ರಕ್ತದ ಜಾಣತನ

ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ಹೀಮೋಸಯನಿನ್ ಎಂಬ ಪ್ರೋಟೀನು. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರಲ್ಲಿ ತಾಮ್ರ ಮಾಡುತ್ತದೆ. ಆಮ್ಲಜನಕ ಸೇರಿದಾಗ ನೀಲಿ, ಬಿಟ್ಟಾಗ ಬಣ್ಣವಿಲ್ಲ. ರಕ್ತ ಹುಳಿಯಾದರೆ ಹೀಮೋಸಯನಿನ್‌ನ ಹಿಡಿತ ಸಡಿಲವಾಗುತ್ತದೆ, ಕಿವಿರಿನ ಬಳಿ ಆಮ್ಲಜನಕವನ್ನು ಅದು ಮೊದಲಿನಂತೆ ಎಳೆದುಕೊಳ್ಳಲಾರದು. ಅಂದರೆ ಏಡಿಗೆ ಎರಡು ಕಡೆಯಿಂದ ಪೆಟ್ಟು: ಕಿವಿರು ಮೆತ್ತಿಕೊಂಡು ಬರುವುದೇ ಕಡಿಮೆ, ಬಂದದ್ದನ್ನು ಹಿಡಿಯುವ ಕೈಯೂ ಸೋತಿದೆ.

ಇಲ್ಲಿ ಬರುತ್ತದೆ ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ತಿರುವು. ಆಮ್ಲಜನಕ ಸಾಕಾಗದ ಸ್ನಾಯುಗಳು ಮೈಯಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಒಡೆದು, ಅರೆಬರೆ ಉರಿದ ಉಳಿಕೆಯಾದ ಲ್ಯಾಕ್ಟೇಟ್ ಸುರಿಸುತ್ತವೆ. ಲ್ಯಾಕ್ಟೇಟ್ ಕಸವೆಂದೇ ಎಲ್ಲರ ಎಣಿಕೆಯಾಗಿತ್ತು. ಫ್ರಾನ್ಸಿನ ಜೀನ್-ಪಾಲ್ ಟ್ರುಶೋ 1980ರಲ್ಲಿ ತೋರಿಸಿದ್ದು ಬೇರೆಯದನ್ನೇ: ಏಡಿಯ ರಕ್ತದಲ್ಲಿ ಲ್ಯಾಕ್ಟೇಟ್ ಹೆಚ್ಚಿದರೆ ಹೀಮೋಸಯನಿನ್‌ನ ಹಿಡಿತ ಬಿಗಿಯಾಗುತ್ತದೆ. ಹುಳಿ ಸಡಿಲಿಸಿದ ಕೈಯನ್ನು ಕಸವೇ ಬಿಗಿಮಾಡಿಕೊಡುತ್ತದೆ. ಯೂರಿಕ್ ಆಮ್ಲದ ಲವಣವಾದ ಯೂರೇಟ್ ಕೂಡ ಇದೇ ಕೆಲಸ ಮಾಡುತ್ತದೆಂದು ಆಮೇಲೆ ತಿಳಿಯಿತು. ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವಕ್ಕೆ ಆಮ್ಲಜನಕವೇ ಬೇಕು. ಆಮ್ಲಜನಕ ಇಳಿದಾಗ ಕಿಣ್ವ ಸುಮ್ಮನಾಗಿ ಯೂರೇಟ್ ತಾನಾಗಿ ಕೂಡಿಕೊಳ್ಳುತ್ತದೆ. ಕಷ್ಟ ಬಂದಾಗಲಷ್ಟೇ ಕೆಲಸಕ್ಕೆ ಬರುವ, ಕಷ್ಟದಿಂದಲೇ ಹುಟ್ಟುವ ಔಷಧ. ನಾಲ್ಕಾರು ಗಂಟೆಯ ಇಳಿತದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಲ್ಪಿಸುವುದು ಕಷ್ಟ.

ತೊಂದರೆ ಇರುವುದು ಲ್ಯಾಕ್ಟೇಟಿನ ಬೆಲೆಯಲ್ಲಿ. ಒಂದು ಗ್ಲೂಕೋಸ್ ಘಟಕವನ್ನು ಆಮ್ಲಜನಕದೊಂದಿಗೆ ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ, ಅಂದರೆ ಜೀವಕೋಶದ ಚಿಲ್ಲರೆ ಹಣ, ಸಿಗುತ್ತದೆ. ಲ್ಯಾಕ್ಟೇಟಿಗೇ ನಿಲ್ಲಿಸಿದರೆ ಎರಡೋ ಮೂರೋ. ಹಿಂದೆ ಒಂದು ರೂಪಾಯಿಯಲ್ಲಿ ನಡೆಯುತ್ತಿದ್ದ ಸಂಸಾರಕ್ಕೆ ಈಗ ಹತ್ತು ರೂಪಾಯಿ. ಕಣ್ಣಿನ ಕಡ್ಡಿಯೊಳಗಿರುವ ಪುಟ್ಟ ಗ್ರಂಥಿಯಿಂದ ಒಂದು ಹಾರ್ಮೋನ್ ಸುರಿದು, ಕೂಡಿಟ್ಟ ಗ್ಲೈಕೋಜೆನ್ ಒಡೆಯುವಂತೆ ಅಂಗಾಂಗಗಳಿಗೆ ಹೇಳುತ್ತದೆ. ರಕ್ತದಲ್ಲಿ ಸಕ್ಕರೆ ಜಿಗಿಯುತ್ತದೆ. ಪ್ರಯೋಗಾಲಯದಲ್ಲಿ ಏಡಿಯ ಒತ್ತಡ ಅಳೆಯುವವರು ಮೊದಲು ಪರೀಕ್ಷಿಸುವುದು ಈ ಸಕ್ಕರೆಯನ್ನು, ಆಮೇಲೆ ಲ್ಯಾಕ್ಟೇಟನ್ನು. ಖರ್ಚು ತಗ್ಗಿಸಲು ಹೃದಯದ ಬಡಿತವೂ ಇಳಿಯುತ್ತದೆ. ಅಲುಗಾಡದೆ ಕೂತ ಏಡಿಯನ್ನು ನೋಡಿ ಶಾಂತವಾಗಿದೆ ಎಂದುಕೊಂಡರೆ ತಪ್ಪು. ಅದು ದೀಪ ಆರಿಸಿ ಕೂತ ಮನೆ.

ಪೆಟ್ಟಿಗೆಯ ಘಾಟು

ಎರಡು ದಿನದ ಪೆಟ್ಟಿಗೆಯನ್ನು ಬಿಚ್ಚಿದಾಗ ಮೂಗಿಗೆ ಹೊಡೆಯುವ ಘಾಟಿನ ಒಂದು ಪಾಲು ಅಮೋನಿಯಾದ್ದು. ಪ್ರೋಟೀನ್ ಒಡೆದಾಗ ಹುಟ್ಟುವ ಸಾರಜನಕದ ಕಸವನ್ನು ಏಡಿ ಅಮೋನಿಯಾ ರೂಪದಲ್ಲೇ ಕಿವಿರಿನಿಂದ ನೀರಿಗೆ ಬಿಡುತ್ತದೆ. ನೀರಿನ ಜೀವಕ್ಕೆ ಅದು ಖರ್ಚಿಲ್ಲದ ದಾರಿ, ವಿಷವಾದರೂ ಕ್ಷಣದಲ್ಲಿ ತೊಳೆದುಹೋಗುತ್ತದಲ್ಲ. ನೀರಿಲ್ಲದಾಗ ಅದು ರಕ್ತದಲ್ಲೇ ಕೂಡುತ್ತದೆ. ಏಡಿ ಮೊದಲು ಪ್ರೋಟೀನ್ ಒಡೆಯುವುದನ್ನೇ ಕಡಿಮೆ ಮಾಡುತ್ತದೆ. ಉಳಿದ ಅಮೋನಿಯಾದಲ್ಲಿ ಒಂದಷ್ಟನ್ನು ಗ್ಲುಟಮಿನ್ ಎಂಬ ಅಮೈನೋ ಆಮ್ಲ ಮಾಡಿ, ಒಂದಷ್ಟನ್ನು ಯೂರಿಯಾ, ಯೂರಿಕ್ ಆಮ್ಲ ಮಾಡಿ ಅಪಾಯ ತಗ್ಗಿಸಿ ಇಟ್ಟುಕೊಳ್ಳುತ್ತದೆ. ಹಾಗೆ ಮಾಡುವುದಕ್ಕೂ ಶಕ್ತಿ ಬೇಕು, ಶಕ್ತಿಯೋ ಈಗ ಹತ್ತು ಪಟ್ಟು ದುಬಾರಿ. ನೆಲವಾಸಿ ಏಡಿಗಳಲ್ಲಿ ಕೆಲವು ಅಮೋನಿಯಾವನ್ನು ನೇರ ಅನಿಲವಾಗಿಯೇ ಗಾಳಿಗೆ ಬಿಡಬಲ್ಲವು. ಸಾಕಣೆಯ ಏಡಿಗಳಿಗೆ ಆ ವಿದ್ಯೆ ಅಷ್ಟಾಗಿ ಒಲಿದಿಲ್ಲ.

ಹಿಡಿಯುವ ಮುನ್ನ ಒಂದೆರಡು ದಿನ ಮೇವು ನಿಲ್ಲಿಸುವುದರ ಹಿಂದಿನ ತರ್ಕ ಇದೇ. ಹೊಟ್ಟೆ ತುಂಬಿದ ಏಡಿಗೆ ಅರಗಿಸಿಕೊಳ್ಳಲು ಹೆಚ್ಚು ಆಮ್ಲಜನಕ ಬೇಕು, ಅರಗಿದ ಮೇಲೆ ಹೆಚ್ಚು ಅಮೋನಿಯಾ ಹುಟ್ಟುತ್ತದೆ. ಆದರೆ ವಾರಗಟ್ಟಲೆ ಉಪವಾಸ ಹಾಕಿದರೆ ಗ್ಲೈಕೋಜೆನ್ ಗಂಟೇ ಕರಗಿ ಪ್ರಯಾಣಕ್ಕೆ ಬುತ್ತಿ ಇಲ್ಲದಂತಾಗುತ್ತದೆ.

ಒಣಗುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೀಟಗಳ ಮೈಗಿರುವಷ್ಟು ಬಿಗಿಯಾದ ಮೇಣದ ಲೇಪ ಏಡಿಗಿಲ್ಲ; ಒಣ ಗಾಳಿ ಬೀಸಿದರೆ ಮೈಯ ನೀರು ಹೋಗುತ್ತಲೇ ಇರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಕಿವಿರು ಒಣಗಿದರೆ ಇದ್ದ ಉಸಿರೂ ನಿಲ್ಲುತ್ತದೆ. ಮರಿಗಳಿಗೆ ಇದು ಇನ್ನೂ ಬೇಗ, ತೂಕಕ್ಕೆ ಹೋಲಿಸಿದರೆ ಅವುಗಳ ಮೈಯ ಹರವು ದೊಡ್ಡದು. ಒದ್ದೆ ಗೋಣಿ, ಮುಚ್ಚಿದ ಪೆಟ್ಟಿಗೆ, ನೆರಳು ಇಷ್ಟರಿಂದ ಈ ಭಾಗ ಬಹುಮಟ್ಟಿಗೆ ಬಗೆಹರಿಯುತ್ತದೆ. ಪೆಟ್ಟಿಗೆಯ ತಳದಲ್ಲಿ ನೀರು ನಿಲ್ಲಬಾರದು, ಅಷ್ಟೇ.

ತಂಪಿನದು ಸ್ವಲ್ಪ ನಾಜೂಕಿನ ವಿಷಯ. ಏಡಿಯ ಮೈ ಸುತ್ತಲಿನ ಬಿಸಿಯನ್ನೇ ಹಿಡಿಯುವುದರಿಂದ ಹತ್ತು ಡಿಗ್ರಿ ಇಳಿಸಿದರೆ ದೇಹದ ಖರ್ಚು ಅರ್ಧಕ್ಕೋ ಮೂರರಲ್ಲೊಂದಕ್ಕೋ ಇಳಿಯುತ್ತದೆ. ಆಮ್ಲಜನಕದ ಬೇಡಿಕೆ, ಲ್ಯಾಕ್ಟೇಟ್, ಅಮೋನಿಯಾ ಎಲ್ಲವೂ ಒಟ್ಟಿಗೆ ತಗ್ಗುತ್ತವೆ. ಹೀಗೆ ಒಂದೇ ಸಲಕ್ಕೆ ಎಲ್ಲ ಸಾಲವನ್ನೂ ನಿಧಾನಿಸುವ ಉಪಾಯ ಬೇರೊಂದಿಲ್ಲ. ಹಾಗೆಂದು ಎಲ್ಲವನ್ನೂ ಐಸಿನ ಮೇಲೆ ಸುರಿದರೆ ಆಗದು. ಚಳಿಗಾಲ ಕಂಡ ಮಿಟ್ಟನ್ ಏಡಿ ಹತ್ತು ಡಿಗ್ರಿಗಿಂತ ಕೆಳಗೂ ನೆಮ್ಮದಿಯಾಗಿರುತ್ತದೆ. ಬೆಚ್ಚನೆಯ ನೀರಿನ ಕೆಸರು ಏಡಿಗೆ 20 ಡಿಗ್ರಿಯ ಆಸುಪಾಸು ಒಳ್ಳೆಯದು. ಅದನ್ನು ಐಸಿನ ಚಳಿಗೆ ತಳ್ಳಿದರೆ ನರಗಳೇ ಮರಗಟ್ಟಿ, ಉಸಿರು ಬೀಸುವ ಹುಟ್ಟೂ ನಿಲ್ಲುತ್ತದೆ. ರಕ್ತದಲ್ಲಿ ಮೆಗ್ನೀಸಿಯಂ ಹೆಚ್ಚಿರುವ ಜಾತಿಗಳು ಚಳಿಗೆ ಇನ್ನೂ ಬೇಗ ಮಂಕಾಗುತ್ತವೆ. ಮಂಕಾದ ಏಡಿ ಕಚ್ಚಾಡುವುದಿಲ್ಲ, ಕಟ್ಟಲು ಸುಲಭ. ಆ ಅನುಕೂಲವನ್ನೇ ಆರೋಗ್ಯವೆಂದು ತಿಳಿಯುವುದು ನಾನು ಮತ್ತೆ ಮತ್ತೆ ಕಂಡ ತಪ್ಪು.

ನೀರಿಗೆ ಮರಳುವ ಗಳಿಗೆ

ಪ್ರಯಾಣ ಮುಗಿಯಿತು, ಇನ್ನು ನೀರಿಗೆ ಹಾಕಿಬಿಟ್ಟರೆ ಎಲ್ಲ ಸರಿಹೋಯಿತು ಎಂದು ಯಾರಿಗಾದರೂ ಅನಿಸುತ್ತದೆ. ಎಡವುವುದು ಅಲ್ಲೇ. ಒಂದು ಬಕೆಟ್‌ನಲ್ಲಿ ಅರ್ಧ ನೀರು ಹಾಕಿ, ದಣಿದು ಬಂದ ಹತ್ತು ಏಡಿಗಳನ್ನು ಅದರಲ್ಲಿ ಬಿಟ್ಟು ಮುಚ್ಚಿಟ್ಟರೆ, ಒದ್ದೆ ಗೋಣಿಯಡಿ ಇನ್ನೊಂದು ದಿನ ತಾಳುತ್ತಿದ್ದವು ಬೆಳಗಾಗುವುದರೊಳಗೆ ಸತ್ತಿರುತ್ತವೆ. ನೀರಿಗೆ ಹಾಕಿದ ಏಡಿ ನೀರಿನಲ್ಲೇ ಉಸಿರುಗಟ್ಟಿ ಸತ್ತಿತೆಂದರೆ ನಂಬಲು ಹೊತ್ತು ಹಿಡಿಯುತ್ತದೆ.

ಲೆಕ್ಕ ಹಾಕಿದರೆ ಅಚ್ಚರಿಯಿಲ್ಲ. ಹತ್ತು ಲೀಟರ್ ನೀರಿನಲ್ಲಿರುವ ಆಮ್ಲಜನಕ ಐವತ್ತರವತ್ತು ಮಿಲಿಲೀಟರ್, ಅಷ್ಟೇ. ಮರಳಿ ಬಂದ ಏಡಿಗೆ ಮಾಮೂಲಿಗಿಂತ ಹೆಚ್ಚು ಬೇಕು, ಕೂಡಿದ ಲ್ಯಾಕ್ಟೇಟನ್ನು ಉರಿಸಬೇಕು ಇಲ್ಲವೇ ಮತ್ತೆ ಗ್ಲೈಕೋಜೆನ್ ಆಗಿ ಕಟ್ಟಬೇಕು. ಏಡಿ ಲ್ಯಾಕ್ಟೇಟನ್ನು ಹೊರಗೆ ಚೆಲ್ಲುವುದಿಲ್ಲ, ಒಳಗೇ ತೀರಿಸುತ್ತದೆ; ಅದಕ್ಕೆ ಹಲವು ಗಂಟೆ, ಕೆಲವೊಮ್ಮೆ ಒಂದು ದಿನಕ್ಕೂ ಮಿಕ್ಕಿ ಹಿಡಿಯುತ್ತದೆ. ಅದೇ ಹೊತ್ತಿಗೆ ದಿನಗಟ್ಟಲೆ ತಡೆಹಿಡಿದ ಅಮೋನಿಯಾ ಮೊದಲ ಗಂಟೆಗಳಲ್ಲೇ ಭರದಿಂದ ನೀರಿಗೆ ಹೊರಬೀಳುತ್ತದೆ. ಹರಿಯುವ ನೀರಾದರೆ ಕೊಚ್ಚಿಕೊಂಡು ಹೋದೀತು. ಬಕೆಟ್‌ನಲ್ಲಿ ಹತ್ತೂ ಏಡಿಗಳು ಒಂದರ ವಿಷವನ್ನು ಇನ್ನೊಂದು ಕುಡಿಯುತ್ತವೆ.

ಮೂರನೆಯ ಪೆಟ್ಟು ಕಣ್ಣಿಗೆ ಕಾಣದ್ದು. ಆಮ್ಲಜನಕವಿಲ್ಲದೆ ಸೊರಗಿದ ಜೀವಕೋಶಕ್ಕೆ ಒಮ್ಮೆಲೇ ಆಮ್ಲಜನಕ ನುಗ್ಗಿದರೆ ಸೂಪರ್ಆಕ್ಸೈಡ್‌ನಂಥ ಉರಿಯುವ ಕಣಗಳು ಹುಟ್ಟಿ ಪೊರೆಗಳನ್ನು ಸುಡುತ್ತವೆ. ಹಸಿದು ಬಂದವನಿಗೆ ಒಮ್ಮೆಲೇ ಹೊಟ್ಟೆಬಿರಿಯ ಬಡಿಸಿದಂತೆ. ಇದನ್ನು ತಣಿಸುವ ಕಿಣ್ವಗಳು ಏಡಿಯಲ್ಲೂ ಇವೆ. ಗಾಳಿಗೆ ಒಡ್ಡಿದ ಪ್ರಯೋಗಗಳಲ್ಲಿ ಅವುಗಳ ಚಟುವಟಿಕೆ ಮೊದಲು ಏರುವುದೂ ಅವಧಿ ಬೆಳೆದಂತೆ ಕುಸಿಯುವುದೂ ಕಂಡಿದೆ. ರೋಗ ತಡೆಯುವ ರಕ್ತಕಣಗಳ ಶಕ್ತಿಯೂ ಹಾಗೆಯೇ ಇಳಿಯುತ್ತದೆ. ನೀರಿನಲ್ಲಿ ಸದಾ ಇರುವ ವಿಬ್ರಿಯೋ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಿಟ್ಟ ದಿನಗಳು ಅವು.

ಮಿಟ್ಟನ್ ಏಡಿಯ ಮರಿಗಳನ್ನು ಕೊಳಕ್ಕೆ ಬಿಡುವವರ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ದೂರದಿಂದ ತಂದ ಮರಿಗಳನ್ನು ಅವರು ನೇರ ಸುರಿಯುವುದಿಲ್ಲ. ಚೀಲಸಮೇತ ಕೊಳದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಮೇಲೆತ್ತಿ ಹತ್ತು ನಿಮಿಷ ಬಿಟ್ಟು, ಮತ್ತೆ ಅದ್ದುತ್ತಾರೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ದಂಡೆಯಲ್ಲಿ ಬಿಟ್ಟರೆ ಮರಿಗಳು ತಾವಾಗಿ ನೀರಿಗೆ ಇಳಿಯುತ್ತವೆ. ಕಿವಿರಿನ ಕೋಣೆಯ ಗಾಳಿ ಹೊರಹೋಗಿ ನೀರು ತುಂಬಲು, ಮೆತ್ತಿಕೊಂಡ ಪದರಗಳು ಬಿಡಿಸಿಕೊಳ್ಳಲು, ಮೈ ನೀರಿನ ಬಿಸಿಗೆ ಹೊಂದಿಕೊಳ್ಳಲು ಅದು ಬಿಡುವು ಕೊಡುತ್ತದೆ. ಅವಸರದಲ್ಲಿ ಮೊದಲು ಬಿಟ್ಟುಹೋಗುವ ಕೆಲಸವೂ ಇದೇ.

ಕಾನೂನು ಕಣ್ಣು ಬಿಟ್ಟ ಮೇಲೆ

ಏಡಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಗಂಭೀರವಾಗಿ ಕೇಳಿರಲಿಲ್ಲ. ನ್ಯೂಜಿಲೆಂಡಿನ 1999ರ ಪ್ರಾಣಿ ಕಲ್ಯಾಣ ಕಾಯ್ದೆ ಏಡಿಯನ್ನೂ ತನ್ನ ವ್ಯಾಪ್ತಿಗೆ ತಂದಿತು. ಬ್ರಿಟನ್ನಿನಲ್ಲಿ 2021ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತಂಡವೊಂದು ಇದ್ದಬದ್ದ ಪುರಾವೆಗಳನ್ನೆಲ್ಲ ಜಾಲಿಸಿ ವರದಿ ಕೊಟ್ಟಿತು. ಅದರ ಬೆನ್ನಿಗೆ 2022ರ ಕಾಯ್ದೆಯಲ್ಲಿ ಏಡಿ, ಸಿಗಡಿಗಳ ವರ್ಗವನ್ನು ಸಂವೇದನೆಯುಳ್ಳ ಪ್ರಾಣಿಗಳ ಸಾಲಿಗೆ ಸೇರಿಸಿದರು. ಸ್ವಿಟ್ಜರ್‌ಲೆಂಡ್ ಇನ್ನೂ ಮುಂದೆ ಹೋಗಿ, 2018ರ ಮಾರ್ಚ್‌ನಿಂದ ಜೀವಂತ ಲಾಬ್‌ಸ್ಟರ್ ಮೊದಲಾದವನ್ನು ಐಸಿನ ಮೇಲೆ, ಐಸಿನ ನೀರಿನಲ್ಲಿ ಸಾಗಿಸಬಾರದು, ನೀರಿನ ಜೀವಗಳನ್ನು ಅವುಗಳ ಸಹಜ ಪರಿಸರದಲ್ಲೇ ಇಡಬೇಕು ಎಂದಿತು.

ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಮೇಲಿನ ಬಕೆಟ್‌ನ ಕಥೆ ನೆನಪಿದ್ದವರಿಗೆ ‘ನೀರಿನಲ್ಲೇ ಇಡಿ’ ಎಂಬ ಮಾತು ಅಷ್ಟು ಸರಳವಾಗಿ ಕಾಣುವುದಿಲ್ಲ. ಶೋಧಿಸುವ, ತಂಪಿಡುವ, ಗಾಳಿ ಊದುವ ಸಲಕರಣೆ ಜೊತೆಗಿದ್ದರೆ ನೀರು ಒಳ್ಳೆಯದೇ. ಅವಿಲ್ಲದ ನೀರು ಗೋಣಿಗಿಂತ ಕೆಟ್ಟದ್ದು. ಆಳದ ನೀರಿನ ಏಡಿಗೆ ನೀರು ಬಿಡಿಸುವುದು ಮೊದಲ ಗಂಟೆಯಿಂದಲೇ ಹಿಂಸೆ; ಕೆಸರು ಏಡಿಗೆ ಮೊದಲ ಅರ್ಧ ದಿನ ಮಾಮೂಲಿ ಬಾಳಿನ ಭಾಗ, ಮೂರನೆಯ ದಿನ ಅಲ್ಲ. ಒಂದೇ ನಿಯಮದಲ್ಲಿ ಎರಡನ್ನೂ ಕಟ್ಟಿದರೆ ಒಂದಕ್ಕೆ ಅನ್ಯಾಯವಾಗುತ್ತದೆ. ಗಾಳಿಯೋ ನೀರೋ ಎಂಬುದಕ್ಕಿಂತ ಎಷ್ಟು ಗಂಟೆ, ಎಷ್ಟು ಬಿಸಿ, ಯಾವ ಜಾತಿ, ಚಿಪ್ಪು ಕಳಚಿ ಎಷ್ಟು ದಿನವಾಗಿದೆ ಎಂಬುದನ್ನು ನಿಯಮ ಕೇಳಬೇಕಿತ್ತು.

ಸಾಕಿದ ಏಡಿಯಾದದ್ದರಿಂದ ಈ ಪ್ರಶ್ನೆಗಳಿಗೆ ಉತ್ತರ ಕೈಗೆಟುಕುವಂತೆಯೇ ಇದೆ ಎಂಬುದು ನನ್ನ ಮಾತಿನ ತಿರುಳು. ಕಡಲಿನಿಂದ ಬಲೆಗೆ ಬಿದ್ದ ಏಡಿ ಹಿಂದಿನ ದಿನ ಏನು ತಿಂದಿತು, ಯಾವಾಗ ಚಿಪ್ಪು ಕಳಚಿತು ಎಂದು ಯಾರಿಗೆ ಗೊತ್ತು? ಕೊಳದವನಿಗೆ ಗೊತ್ತು. ಡಬ್ಬಿಯಲ್ಲಿ ಒಂದೊಂದಾಗಿ ಸಾಕುವವನಿಗಂತೂ ದಿನಾಂಕಸಮೇತ ಗೊತ್ತು. ಹಿಡಿಯುವಾಗ ಅಟ್ಟಾಡಿಸಿ ಹಿಡಿದರೆ ಏಡಿ ಪೆಟ್ಟಿಗೆ ಸೇರುವ ಮೊದಲೇ ಮೈತುಂಬ ಲ್ಯಾಕ್ಟೇಟ್ ಹೊತ್ತಿರುತ್ತದೆ, ಕಾಲು ಉದುರಿಸಿಕೊಂಡಿರುತ್ತದೆ. ನೀರಿಳಿಸಿ, ಮೇವಿನ ಬೋನಿಟ್ಟು, ಬೆಳಗಿನ ತಂಪಿನಲ್ಲಿ ಹಿಡಿದರೆ ಆ ಮೊದಲ ಸಾಲವಾದರೂ ಉಳಿಯುತ್ತದೆ.

ತಪಾಸಣೆಯೂ ‘ಜೀವ ಇದೆಯೇ’ ಎಂಬಲ್ಲಿಗೆ ನಿಲ್ಲಬೇಕಿಲ್ಲ. ಕಣ್ಣಿನ ಕಡ್ಡಿ ಎಷ್ಟು ಚುರುಕಾಗಿ ಮಡಚಿಕೊಂಡಿತು, ಎತ್ತಿದಾಗ ಕಟ್ಟದ ಕಾಲುಗಳು ಮೇಲಕ್ಕೆ ಬಂದವೋ ಜೋತುಬಿದ್ದವೋ, ಬಾಯಿಯ ಕದವನ್ನು ಕಡ್ಡಿಯಿಂದ ಎಳೆದರೆ ಬಿಗಿಯಾಗಿ ಮುಚ್ಚಿಕೊಂಡಿತೋ ಹಾಗೇ ತೆರೆದು ನಿಂತಿತೋ. ಅಲಾಸ್ಕಾದ ಆಳನೀರಿನ ಏಡಿಗಳ ಮೇಲೆ ಇಂಥ ಪ್ರತಿಕ್ರಿಯೆಗಳನ್ನು ಎಣಿಸಿ, ಅವುಗಳಲ್ಲಿ ಎಷ್ಟು ಕಾಣೆಯಾಗಿವೆ ಎಂಬುದರಿಂದಲೇ ಮುಂದೆ ಸಾಯುವವು ಯಾವುವೆಂದು ಮುಂಚಿತವಾಗಿ ಹೇಳಬಹುದೆಂದು ತೋರಿಸಿಕೊಟ್ಟಿದ್ದಾರೆ. ಒಂದು ಏಡಿಗೆ ಹತ್ತು ಸೆಕೆಂಡಿನ ಕೆಲಸ.

ಈಗ ಹೆಚ್ಚಿನ ಕಡೆ ಬರೆದಿಡುವುದು ಪೆಟ್ಟಿಗೆ ತೆರೆದಾಗ ಸತ್ತಿದ್ದ ಏಡಿಗಳನ್ನು ಮಾತ್ರ. ಚುರುಕು ಕಳೆದುಕೊಂಡು ನೀರಿಗಿಳಿದು, ಮೂರನೆಯ ದಿನ ಕೊಳದ ಮೂಲೆಯಲ್ಲಿ ಮಗುಚಿ ಬಿದ್ದವು ಆ ಪಟ್ಟಿಗೆ ಬರುವುದಿಲ್ಲ. ಅವುಗಳ ಎದುರಿಗೆ ಬರೆಯುವುದು ‘ನೀರು ಕೆಟ್ಟಿತ್ತು’ ಎಂದು.